ನಾಲ್ಕೂವರೆ ದಿನದ ಹಡಗು: ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಹಡಗು ನಿರ್ಮಾಣ

ಪ್ರಶ್ನೆ: ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದವರು ಒಂದು ದೊಡ್ಡ ಸರಕು ಹಡಗನ್ನು ಐದು ದಿನಕ್ಕೂ ಕಡಿಮೆ ಅವಧಿಯಲ್ಲಿ ಕಟ್ಟಿದರೆಂದು ಓದಿದ್ದೇನೆ. ಇದು ನಿಜವೋ, ಯುದ್ಧಕಾಲದ ಪ್ರಚಾರವೋ? ಅದಕ್ಕೂ ಮೊದಲು ಹಡಗನ್ನೇ ಕಟ್ಟದವರಿಗೆ ಇದು ಹೇಗೆ ಸಾಧ್ಯವಾಯಿತು? ಅಷ್ಟು ದೊಡ್ಡ ಉದ್ಯಮ ಯುದ್ಧದ ನಂತರ ಎಲ್ಲಿ ಹೋಯಿತು?

ಉತ್ತರ: ಹಡಗು ನಿಜ, ದಿನಾಂಕಗಳೂ ನಿಜ. ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನಲ್ಲಿದ್ದ ಎರಡನೇ ನಂಬರಿನ ಹಡಗುಕಟ್ಟೆಯಲ್ಲಿ 1942ರ ನವೆಂಬರ್ 8ರಂದು ‘ರಾಬರ್ಟ್ ಇ. ಪಿಯರಿ’ ಎಂಬ ಲಿಬರ್ಟಿ ಹಡಗಿನ (ಯುದ್ಧಕಾಲದಲ್ಲಿ ಒಂದೇ ಮಾದರಿಯಲ್ಲಿ ಸಾವಿರಾರು ಕಟ್ಟಿದ ಸರಕು ಹಡಗುಗಳಿಗೆ ಈ ಹೆಸರು) ಕೀಲನ್ನು, ಅಂದರೆ ಅದರ ತಳದ ಬೆನ್ನೆಲುಬನ್ನು, ಇಡಲಾಯಿತು. 4 ದಿನ ಹದಿನೈದೂವರೆ ಗಂಟೆಗಳ ಬಳಿಕ, ನವೆಂಬರ್ 12ರಂದು, ಅದನ್ನು ನೀರಿಗಿಳಿಸಿದರು. ಇನ್ನು ಮೂರು ದಿನ ಉಳಿದ ಜೋಡಣೆಯ ಕೆಲಸ ನಡೆದು ಹಡಗು ಹಸ್ತಾಂತರವಾಯಿತು. ಪ್ರದರ್ಶನಕ್ಕೆಂದು ಕಟ್ಟಿ ಮೂಲೆಗೆ ಸರಿಸಿದ ಹಡಗೂ ಅದಲ್ಲ. ಯುದ್ಧ ಮುಗಿಯುವವರೆಗೆ ಸರಕು ಹೊತ್ತು, 1963ರಲ್ಲಿ ಗುಜರಿಗೆ ಹೋಯಿತು.

ಆದರೆ ಆ ಲೆಕ್ಕದಲ್ಲಿ ಏನು ಸೇರಿದೆ, ಏನು ಸೇರಿಲ್ಲ ಎಂಬುದನ್ನು ಗಮನಿಸಬೇಕು. ಸ್ಲಿಪ್‌ವೇ ಎಂದರೆ ಹಡಗನ್ನು ಕಟ್ಟಿ ಅಲ್ಲಿಂದಲೇ ನೀರಿಗೆ ಜಾರಿಸುವ ಇಳಿಜಾರು ಕಟ್ಟೆ. ನಾಲ್ಕೂವರೆ ದಿನ ಎಂಬುದು ಆ ಕಟ್ಟೆಯ ಮೇಲೆ ಹಡಗು ಇದ್ದ ಅವಧಿ ಮಾತ್ರ. ಅದಕ್ಕೂ ಮೊದಲೇ ಹಡಗಿನ ತಳ, ಗೋಡೆಗಳು, ಡೆಕ್ಕು, ಮೇಲಿನ ಮನೆ ಎಲ್ಲವೂ ಬೇರೆಡೆ ದೊಡ್ಡ ದೊಡ್ಡ ತುಂಡುಗಳಾಗಿ ಸಿದ್ಧವಾಗಿ ಸರದಿಗಾಗಿ ಕಾಯುತ್ತಿದ್ದವು. ಇದಕ್ಕೆ ಪೈಪೋಟಿಯ ಹಿನ್ನೆಲೆಯೂ ಇತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಆರೆಗಾನ್ ರಾಜ್ಯದ ಪೋರ್ಟ್‌ಲೆಂಡ್‌ನಲ್ಲಿದ್ದ ಹಡಗುಕಟ್ಟೆ ‘ಜೋಸೆಫ್ ಎನ್. ಟೀಲ್’ ಎಂಬ ಹಡಗನ್ನು 10 ದಿನದಲ್ಲಿ ನೀರಿಗಿಳಿಸಿತ್ತು, ಆ ಸಮಾರಂಭಕ್ಕೆ ಅಧ್ಯಕ್ಷ ರೂಸ್‌ವೆಲ್ಟ್ ಅವರೇ ಬಂದಿದ್ದರು. ಎರಡೂ ಕಟ್ಟೆಗಳ ಒಡೆಯ ಹೆನ್ರಿ ಕೈಸರ್. ಪೋರ್ಟ್‌ಲೆಂಡ್ ಅವರ ಮಗ ಎಡ್ಗರ್ ಅವರ ಉಸ್ತುವಾರಿಯಲ್ಲಿತ್ತು, ರಿಚ್ಮಂಡ್ ಕ್ಲೇ ಬೆಡ್‌ಫರ್ಡ್ ಅವರ ಕೈಯಲ್ಲಿತ್ತು. ರಿಚ್ಮಂಡ್‌ನವರು ಪಿಯರಿಯ ಮೂಲಕ ಕೊಟ್ಟದ್ದು ಪೋರ್ಟ್‌ಲೆಂಡ್‌ಗೆ ಉತ್ತರ. ಆ ದಾಖಲೆಯನ್ನು ಆಮೇಲೆ ಯಾರೂ ಮುರಿಯಲಿಲ್ಲ, ಮುರಿಯುವ ಅಗತ್ಯವೂ ಇರಲಿಲ್ಲ. ಇತಿಹಾಸದ ದೃಷ್ಟಿಯಿಂದ ನಾನು ಹೆಚ್ಚು ಬೆಲೆ ಕೊಡುವುದು ಇನ್ನೊಂದು ಲೆಕ್ಕಕ್ಕೆ: ಮೊದಲ ಲಿಬರ್ಟಿ ಹಡಗು ‘ಪ್ಯಾಟ್ರಿಕ್ ಹೆನ್ರಿ’ಗೆ ಕೀಲ್ ಇಟ್ಟಂದಿನಿಂದ ಹಸ್ತಾಂತರದವರೆಗೆ 244 ದಿನ ಹಿಡಿದಿತ್ತು, ಎರಡು ವರ್ಷದೊಳಗೆ ಆ ಅವಧಿಯ ಸರಾಸರಿ ಸುಮಾರು ಆರು ವಾರಕ್ಕೆ ಇಳಿಯಿತು. ಒಂದು ಹಡಗನ್ನು ಓಡೋಡಿ ಕಟ್ಟುವುದಕ್ಕಿಂತ ಸಾವಿರಾರು ಹಡಗುಗಳನ್ನು ಆರಾರು ವಾರದಲ್ಲಿ ಕಟ್ಟುವುದು ಕಷ್ಟ.

ಇದು ಹೇಗಾಯಿತೆಂದು ತಿಳಿಯಲು ಮೊದಲನೇ ಮಹಾಯುದ್ಧದ ಕಾಲಕ್ಕೆ ಹೋಗಬೇಕು. 1917ರಲ್ಲಿ ಅಮೆರಿಕ ಫಿಲಡೆಲ್ಫಿಯಾದ ಬಳಿ ಹಾಗ್ ಐಲೆಂಡ್ ಎಂಬಲ್ಲಿ 50 ಸ್ಲಿಪ್‌ವೇಗಳಿದ್ದ, ಆಗಿನ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದಾದ ಹಡಗುಕಟ್ಟೆಯನ್ನು ಕಟ್ಟಿತು. ಬೇರೆಡೆ ತಯಾರಾದ ಭಾಗಗಳನ್ನು ತಂದು ಒಂದೇ ಮಾದರಿಯ ಹಡಗುಗಳನ್ನು ಜೋಡಿಸುವ ಆಲೋಚನೆ ಅಲ್ಲಿಯೇ ಇತ್ತು. ಅಲ್ಲಿಂದ 122 ಹಡಗುಗಳು ಹೊರಬಂದವು, ಆದರೆ ಮೊದಲನೆಯದು ಹಸ್ತಾಂತರವಾದದ್ದು 1918ರ ಡಿಸೆಂಬರ್‌ನಲ್ಲಿ, ಕದನವಿರಾಮವಾಗಿ ವಾರಗಳು ಕಳೆದ ಮೇಲೆ. ಯುದ್ಧದ ನಂತರ ಬೇಡಿಕೆಯೇ ಇಲ್ಲದೆ ಕಟ್ಟೆಗಳು ಒಂದೊಂದಾಗಿ ಮುಚ್ಚಿದವು. ಇಪ್ಪತ್ತು, ಮೂವತ್ತರ ದಶಕಗಳಲ್ಲಿ ಅಮೆರಿಕದ ವಾಣಿಜ್ಯ ಹಡಗು ನಿರ್ಮಾಣ ಹೆಚ್ಚುಕಡಿಮೆ ನಿಂತೇಹೋಗಿತ್ತು. 1936ರ ಕಾಯ್ದೆಯ ಮೂಲಕ ಸ್ಥಾಪನೆಯಾದ ಮ್ಯಾರಿಟೈಮ್ ಕಮಿಷನ್ ಎಂಬ ಸರಕಾರಿ ಮಂಡಳಿ ಹತ್ತು ವರ್ಷದಲ್ಲಿ 500 ಹಡಗು ಕಟ್ಟುವ ಯೋಜನೆ ಹಾಕಿಕೊಂಡಿತು. 1938ರಿಂದ ಅದರ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಎಮೊರಿ ಲ್ಯಾಂಡ್ ಮತ್ತು ಅವರ ಸಹೋದ್ಯೋಗಿಗಳು ಬಯಸಿದ್ದು ಟರ್ಬೈನ್ (ಹಬೆಯ ರಭಸಕ್ಕೆ ಚಕ್ರ ತಿರುಗುವ ಎಂಜಿನ್) ಚಾಲಿತ, ವೇಗದ, ಯುದ್ಧ ಮುಗಿದ ಮೇಲೂ ವ್ಯಾಪಾರಕ್ಕೆ ಬಾಳಿಕೆ ಬರುವ ಹಡಗುಗಳನ್ನು. ಲಿಬರ್ಟಿಯಂಥ ಹಡಗು ಅವರ ಮನಸ್ಸಿನಲ್ಲೂ ಇರಲಿಲ್ಲ.

ಅದು ಬಂದದ್ದು ಬ್ರಿಟನ್ನಿನಿಂದ. 1940ರಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಬ್ರಿಟಿಷ್ ಹಡಗುಗಳನ್ನು ಮುಳುಗಿಸುತ್ತಿದ್ದ ವೇಗಕ್ಕೆ ಸರಿಗಟ್ಟುವಂತೆ ಹೊಸ ಹಡಗು ಕಟ್ಟಲು ಬ್ರಿಟನ್ನಿನ ಕಟ್ಟೆಗಳಿಂದ ಆಗುತ್ತಿರಲಿಲ್ಲ. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಸಂಡರ್‌ಲೆಂಡ್‌ನ ಹಡಗು ನಿರ್ಮಾಪಕ ಸಿರಿಲ್ ಥಾಂಪ್ಸನ್ ಮತ್ತು ಎಂಜಿನ್ ತಜ್ಞ ಹ್ಯಾರಿ ಹಂಟರ್ ಅವರ ನೇತೃತ್ವದ ನಿಯೋಗವೊಂದು ನಕ್ಷೆಗಳೊಂದಿಗೆ ಅಮೆರಿಕಕ್ಕೆ ಬಂದಿತು. ಮರಳುವಾಗ ಥಾಂಪ್ಸನ್ ಇದ್ದ ಹಡಗಿಗೇ ಟಾರ್ಪೆಡೊ ಬಡಿಯಿತು. ಅವರು ಜೀವರಕ್ಷಕ ದೋಣಿ ಸೇರಿ, ಕಾಗದಪತ್ರಗಳನ್ನೂ ಉಳಿಸಿಕೊಂಡು ಊರು ಮುಟ್ಟಿದರು. ಡಿಸೆಂಬರ್‌ನಲ್ಲಿ ಸಹಿಯಾದ ಒಪ್ಪಂದದಂತೆ 60 ಹಡಗುಗಳು ಬ್ರಿಟನ್ನಿಗೆ ಬೇಕಿದ್ದವು, 30 ರಿಚ್ಮಂಡ್‌ನಲ್ಲಿ, 30 ಮೇನ್ ರಾಜ್ಯದ ಸೌತ್ ಪೋರ್ಟ್‌ಲೆಂಡ್‌ನಲ್ಲಿ. ಇದೇ ಬ್ರಿಟಿಷ್ ಮಾದರಿಯ ಇನ್ನೊಂದು ಕವಲು ಕೆನಡಾದಲ್ಲಿ ಬೆಳೆಯಿತು. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಹತ್ತಿ ಮತ್ತು ಸ್ಫೋಟಕಗಳ ಸಮೇತ ಸಿಡಿದ ‘ಫೋರ್ಟ್ ಸ್ಟಿಕಿನ್’ ಅಲ್ಲಿ ಕಟ್ಟಿದ ಹಡಗು, ಲಿಬರ್ಟಿಯ ದಾಯಾದಿ.

ಬ್ರಿಟಿಷರ ನಕ್ಷೆಯಲ್ಲಿದ್ದದ್ದು ಹಳೆಯ ಕಾಲದ ಹಡಗು, ಅದರ ಎಂಜಿನ್ನಂತೂ ಹತ್ತೊಂಬತ್ತನೇ ಶತಮಾನದ್ದು. ಒಂದೇ ಹಬೆಯನ್ನು ಮೊದಲು ಚಿಕ್ಕ ಸಿಲಿಂಡರ್‌ಗೆ, ಆಮೇಲೆ ಮಧ್ಯಮದ್ದಕ್ಕೆ, ಕೊನೆಗೆ ದೊಡ್ಡದಕ್ಕೆ ಹಾಯಿಸಿ ಮೂರು ಸಲ ದುಡಿಸಿಕೊಳ್ಳುವ ಪಿಸ್ಟನ್ ಎಂಜಿನ್ ಅದು: 2,500 ಅಶ್ವಶಕ್ತಿ, 11 ನಾಟ್ ವೇಗ, ಅಂದರೆ ಗಂಟೆಗೆ ಸುಮಾರು 20 ಕಿಲೋಮೀಟರ್. ಅಮೆರಿಕದ ತಜ್ಞರಿಗೆ ಇದು ರುಚಿಸಲಿಲ್ಲ. ಆದರೆ ಟರ್ಬೈನ್ ಬೇಕೆಂದರೆ ಅದರ ವೇಗವನ್ನು ಪ್ರೊಪೆಲ್ಲರ್‌ಗೆ ಹೊಂದುವಂತೆ ತಗ್ಗಿಸುವ ಭಾರಿ ಹಲ್ಲುಚಕ್ರಗಳು ಬೇಕು, ಅವನ್ನು ಅಷ್ಟು ನಿಖರವಾಗಿ ಕೊರೆಯಬಲ್ಲ ಯಂತ್ರಗಳು ದೇಶದಲ್ಲಿ ಕೆಲವೇ ಇದ್ದವು, ಮತ್ತು ಅವೆಲ್ಲ ನೌಕಾಪಡೆಯ ಡೆಸ್ಟ್ರಾಯರ್‌ಗಳಿಗೆ ಮೀಸಲಾಗಿದ್ದವು. ಪಿಸ್ಟನ್ ಎಂಜಿನ್ನನ್ನಾದರೆ ಸಾಮಾನ್ಯ ಎರಕದ ಕಾರ್ಖಾನೆಯೂ ಮಾಡಬಹುದಿತ್ತು. ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ, ಹಿಂದೆ ಗಣಿ ಯಂತ್ರಗಳನ್ನು ಮಾಡಿ ಆಮೇಲೆ ಕಳೆಗುಂದಿದ್ದ ಜೋಶುವಾ ಹೆಂಡಿ ಕಾರ್ಖಾನೆಯೊಂದೇ ಯುದ್ಧ ಮುಗಿಯುವ ಹೊತ್ತಿಗೆ ಇಂಥ 754 ಎಂಜಿನ್‌ಗಳನ್ನು ಕಳಿಸಿತ್ತು, ಅಂದರೆ ಒಟ್ಟು ಲಿಬರ್ಟಿಗಳ ಕಾಲು ಭಾಗಕ್ಕೂ ಹೆಚ್ಚಿಗೆ. ಹೊಸದಾಗಿ ತರಬೇತಾದ ನಾವಿಕರಿಗೂ ಈ ಎಂಜಿನ್ನಿನ ನಿರ್ವಹಣೆ ಸುಲಭವಿತ್ತು. ಅಮೆರಿಕದವರು ಮಾಡಿದ ಬದಲಾವಣೆಗಳು ಮಿತವಾಗಿದ್ದವು. ಕಲ್ಲಿದ್ದಲಿನ ಬಾಯ್ಲರ್‌ಗಳ ಬದಲು ತೈಲದವು ಬಂದವು, ಅಲ್ಲಲ್ಲಿ ಇದ್ದ ವಸತಿಗಳು ಹಡಗಿನ ನಡುವೆ ಒಂದೇ ಮನೆಯಾದವು, ಬಾಗಿದ ತಗಡುಗಳು ಆದಷ್ಟೂ ಕಡಿಮೆಯಾದವು, ತಗಡುಗಳನ್ನು ಕೂಡಿಸುವ ರಿವೆಟ್ ಎಂಬ ಮೊಳೆಗಳ ಜಾಗದಲ್ಲಿ ಹೆಚ್ಚಾಗಿ ವೆಲ್ಡಿಂಗ್, ಅಂದರೆ ಬೆಸುಗೆ, ಬಂದಿತು. ಈ ಹಡಗನ್ನು ರೂಸ್‌ವೆಲ್ಟ್ ಅವರೇ ನೋಡಲು ಚೆಂದವಿಲ್ಲವೆಂದಿದ್ದರು. ಕಮಿಷನ್‌ನ ಪರಿಣತರು ಇಷ್ಟವಿಲ್ಲದೆ ಒಪ್ಪಿದ ಈ ಆಯ್ಕೆಯೇ ಇಡೀ ಕಾರ್ಯಕ್ರಮದ ಅತ್ಯಂತ ಜಾಣ ನಿರ್ಧಾರ ಎಂಬುದು ನನ್ನ ಅಭಿಪ್ರಾಯ. ಯಾವುದು ಸಿಗುವುದಿಲ್ಲವೋ ಅದಿಲ್ಲದೆ ಕಟ್ಟಬಹುದಾದ ಹಡಗು ಅದಾಗಿತ್ತು.

1941ರ ಸೆಪ್ಟೆಂಬರ್ 27ರಂದು ಬಾಲ್ಟಿಮೋರ್‌ನಲ್ಲಿ ಪ್ಯಾಟ್ರಿಕ್ ಹೆನ್ರಿ ನೀರಿಗಿಳಿಯಿತು, ಅದೇ ದಿನ ದೇಶದ ಬೇರೆಬೇರೆ ಕಟ್ಟೆಗಳಿಂದ ಒಟ್ಟು 14 ಹಡಗುಗಳು ಇಳಿದವು. ಸುಮಾರು 441 ಅಡಿ ಉದ್ದ, 57 ಅಡಿ ಅಗಲ, ಐದು ಸರಕು ಕೋಣೆಗಳು, 10,000 ಟನ್ನಿಗೂ ಮೇಲ್ಪಟ್ಟ ಹೊರೆ, ಇದು ಲಿಬರ್ಟಿಯ ಅಳತೆ. 1945ರವರೆಗೆ ಇಂಥ 2,710 ಹಡಗುಗಳು ಪೂರ್ಣಗೊಂಡವು. ಹದಿನೆಂಟು ಕಟ್ಟೆಗಳಲ್ಲಿ ಹೆಚ್ಚಿನವು ಯುದ್ಧಕ್ಕೆಂದೇ ಹೊಸದಾಗಿ ಎದ್ದವು.

ಈಗ ನಿಮ್ಮ ಎರಡನೇ ಪ್ರಶ್ನೆ. ಕೈಸರ್ ರಸ್ತೆ ಮತ್ತು ಅಣೆಕಟ್ಟುಗಳ ಗುತ್ತಿಗೆದಾರ. ಹೂವರ್, ಬಾನ್‌ವಿಲ್, ಗ್ರ್ಯಾಂಡ್ ಕೂಲಿ ಅಣೆಕಟ್ಟುಗಳಲ್ಲಿ ಕೆಲಸ ಮಾಡಿದವರು, ಹಡಗಿನ ಅನುಭವ ಇಲ್ಲದವರು. ಹಳೆಯ ಹಡಗುಕಟ್ಟೆಗಳು ಊರಿನ ನಡುವೆ, ನದಿಯ ಅಂಚಿನಲ್ಲಿ, ಇಕ್ಕಟ್ಟಾದ ಜಾಗದಲ್ಲಿ ಇರುತ್ತಿದ್ದವು. ಅಲ್ಲಿ ತಗಡುಗಳನ್ನು ಒಂದೊಂದಾಗಿ ಸ್ಲಿಪ್‌ವೇಗೆ ತಂದು, ಹಡಗಿನ ಮೇಲೆಯೇ ಅಳತೆ ನೋಡಿ, ರಿವೆಟ್ ಹೊಡೆದು ಕೂಡಿಸುತ್ತಿದ್ದರು. ಕೈಸರ್ ಅವರ ಜನ ರಿಚ್ಮಂಡ್‌ನ ಕೆಸರು ಬಯಲನ್ನು ತುಂಬಿಸಿ, ಸ್ಲಿಪ್‌ವೇಗಳ ಹಿಂದೆ ವಿಶಾಲವಾದ ಜೋಡಣೆಯ ಅಂಗಳಗಳನ್ನು ಮಾಡಿ, ರೈಲು ಹಳಿಗಳನ್ನೂ ಅಣೆಕಟ್ಟಿನ ಕೆಲಸದಲ್ಲಿ ಪಳಗಿದ ಭಾರಿ ಕ್ರೇನುಗಳನ್ನೂ ತಂದರು. ಬೆಂಗಳೂರಿನ ಮೆಟ್ರೊ ಮೇಲ್ಸೇತುವೆಯ ಕಾಂಕ್ರೀಟ್ ತುಂಡುಗಳನ್ನು ಊರ ಹೊರಗಿನ ಯಾರ್ಡ್‌ನಲ್ಲಿ ಎರಕ ಹೊಯ್ದು, ರಾತ್ರಿ ಲಾರಿಯಲ್ಲಿ ತಂದು ಕಂಬಗಳ ಮೇಲೆ ಕೂರಿಸುವುದನ್ನು ನೋಡಿದವರಿಗೆ ಈ ಕ್ರಮ ಬೇಗ ಅರ್ಥವಾಗುತ್ತದೆ. ಕೆಲಸದ ಒಟ್ಟು ಪ್ರಮಾಣ ಅಷ್ಟೇ ಇರುತ್ತದೆ, ಆದರೆ ದುರ್ಲಭವಾದ ಜಾಗವನ್ನು ಅದು ಕಡಿಮೆ ಹೊತ್ತು ಹಿಡಿದುಕೊಳ್ಳುತ್ತದೆ.

ಇನ್ನೂ ಹತ್ತಿರದಿಂದ ನೋಡೋಣ. ಡೆಕ್ಕಿನ ಒಂದು ತುಂಡನ್ನು ಹಡಗಿನ ಮೇಲೆಯೇ ವೆಲ್ಡ್ ಮಾಡಬೇಕಾದರೆ, ಕೆಳಭಾಗದ ಬೆಸುಗೆಗೆ ಕೆಲಸಗಾರ ಅಟ್ಟಣೆಯ ಮೇಲೆ ನಿಂತು, ತಲೆ ಎತ್ತಿ, ಕರಗಿದ ಲೋಹ ತನ್ನ ಮೇಲೇ ತೊಟ್ಟಿಕ್ಕುತ್ತಿರುವಾಗ ಕೈ ನಡುಗದಂತೆ ಕೆಲಸ ಮಾಡಬೇಕು. ಅದಕ್ಕೆ ವರ್ಷಗಳ ಪಳಗಿಕೆ ಬೇಕು. ಅದೇ ತುಂಡನ್ನು ಅಂಗಳದಲ್ಲಿ ತಲೆಕೆಳಗಾಗಿ ಮಲಗಿಸಿದರೆ ಬೆಸುಗೆಯ ಸಾಲು ಕಣ್ಣ ಕೆಳಗೆ ಬರುತ್ತದೆ, ಕರಗಿದ ಲೋಹ ಇದ್ದಲ್ಲೇ ನಿಲ್ಲುತ್ತದೆ. ಉದ್ದನೆಯ ನೇರ ಸಾಲುಗಳನ್ನು ಹಳಿಯ ಮೇಲೆ ಓಡುವ ಸ್ವಯಂಚಾಲಿತ ಯಂತ್ರಕ್ಕೇ ಬಿಡಬಹುದು. ಕೆಲಸ ಮುಗಿದ ಮೇಲೆ ಕ್ರೇನು ತುಂಡನ್ನು ಎತ್ತಿ, ತಿರುವಿ, ಹಡಗಿಗೆ ಒಯ್ಯುತ್ತದೆ. ರಿವೆಟ್ ಕೆಲಸಕ್ಕೆ ಕಾಯಿಸುವವರು, ಹಿಡಿಯುವವರು, ಹೊಡೆಯುವವರು, ಹಿಂದಿನಿಂದ ಒತ್ತಿ ನಿಲ್ಲುವವರು ಎಂದು ಒಂದು ತಂಡವೇ ಬೇಕು, ವೆಲ್ಡಿಂಗ್‌ಗೆ ಒಬ್ಬರು ಸಾಕು. ಕೆಲವು ವಾರಗಳ ತರಬೇತಿ ಪಡೆದ ಗೃಹಿಣಿ, ಅಂಗಡಿಯಾಳು, ಹೊಲ ಬಿಟ್ಟು ಬಂದ ರೈತ ಈ ಒಂದು ಭಂಗಿಯ, ಒಂದು ಬಗೆಯ ಬೆಸುಗೆಯನ್ನು ಚೆನ್ನಾಗಿ ಮಾಡಬಲ್ಲವರಾದರು. ಹಾಗಾಗಿ ಇವರಲ್ಲಿ ಯಾರೂ ಇಡೀ ಹಡಗು ಕಟ್ಟಲು ಕಲಿಯಲಿಲ್ಲ ಎಂದರೆ ತಪ್ಪಾಗದು. ಹಡಗಿನ ಕೆಲಸವನ್ನು ಅನುಭವವಿಲ್ಲದವರೂ ಮಾಡಬಹುದಾದಷ್ಟು ಸಣ್ಣ ತುಣುಕುಗಳಾಗಿ ಒಡೆದಿಡಲಾಗಿತ್ತು.

ಮೊದಮೊದಲು ಒಂದು ಲಿಬರ್ಟಿಗೆ ಹತ್ತು ಲಕ್ಷಕ್ಕೂ ಹೆಚ್ಚು ಆಳು-ಗಂಟೆಗಳು ತಗುಲುತ್ತಿದ್ದವು, ಕೆಲಸ ಕುದುರಿದ ಕಟ್ಟೆಗಳಲ್ಲಿ ಅದು ಅರ್ಧದಷ್ಟಾಯಿತು. ಇದನ್ನು ಅರ್ಥಶಾಸ್ತ್ರಜ್ಞರು ಬಹುಕಾಲ ‘ಮಾಡಿ ಕಲಿಯುವುದರ’ ಆದರ್ಶ ಉದಾಹರಣೆಯಾಗಿ ಬಳಸಿದರು. ಆಮೇಲಿನ ಸಂಶೋಧನೆ ಈ ಚಿತ್ರವನ್ನು ತಿದ್ದಿದೆ: ಉಳಿತಾಯದ ಗಣನೀಯ ಭಾಗ ಬಂದದ್ದು ನಡುನಡುವೆ ಸೇರಿಸಿದ ಕ್ರೇನು, ಯಂತ್ರ, ಅಂಗಳಗಳಿಂದ, ಒಂದಿಷ್ಟು ಗುಣಮಟ್ಟದಲ್ಲಿ ಮಾಡಿಕೊಂಡ ರಾಜಿಯಿಂದ. ಎಲ್ಲ ಕಟ್ಟೆಗಳೂ ರಿಚ್ಮಂಡ್‌ನಂತೆ ನಡೆದವೆಂದೂ ಭಾವಿಸಬಾರದು. ರೋಡ್ ಐಲೆಂಡ್‌ನ ಪ್ರಾವಿಡೆನ್ಸ್‌ನಲ್ಲಿ ಆಡಳಿತ ಎಷ್ಟು ಹದಗೆಟ್ಟಿತ್ತೆಂದರೆ ಕಮಿಷನ್ ಕಟ್ಟೆಯನ್ನು ಮೊದಲ ಕಂಪನಿಯಿಂದ ಕಿತ್ತು ಬೇರೆಯವರ ಕೈಗೆ ಕೊಡಬೇಕಾಯಿತು.

1942ರಲ್ಲಿ ಎಲ್ಲಕ್ಕಿಂತ ದೊಡ್ಡ ಅಡ್ಡಿಯಾದದ್ದು ಉಕ್ಕಿನ ತಗಡು. ನ್ಯೂ ಆರ್ಲಿಯನ್ಸ್‌ನ ದೋಣಿ ನಿರ್ಮಾಪಕ ಆಂಡ್ರ್ಯೂ ಹಿಗ್ಗಿನ್ಸ್ ಅವರಿಗೆ 200 ಲಿಬರ್ಟಿಗಳ ಗುತ್ತಿಗೆ ಕೊಟ್ಟು, ಹೊಸ ಕಟ್ಟೆಯ ಕೆಲಸ ಭರದಿಂದ ಸಾಗಿದ್ದಾಗ, ಜುಲೈನಲ್ಲಿ ಅದನ್ನು ರದ್ದು ಮಾಡಲಾಯಿತು. ಇರುವ ಕಟ್ಟೆಗಳಿಗೇ ಉಕ್ಕು ಸಾಲದಿರುವಾಗ ಹೊಸ ಕಟ್ಟೆಯಿಂದ ಹೆಚ್ಚು ಹಡಗು ಬರುವುದಿಲ್ಲವೆಂಬುದು ಕಾರಣ. ಇದರ ಮೇಲೆ ಎದ್ದ ಗದ್ದಲ ಕಾಂಗ್ರೆಸ್ಸಿನವರೆಗೂ ಹೋಯಿತು, ಆದರೆ ಲೆಕ್ಕ ಕಮಿಷನ್ನಿನ ಕಡೆಗೇ ಇತ್ತು. ಪಶ್ಚಿಮ ಕರಾವಳಿಯಲ್ಲಿ ಸಾಕಷ್ಟು ಉಕ್ಕು ಸಿಗದೆ ಕೈಸರ್ ಸರಕಾರದ ಸಾಲ ಪಡೆದು ಫೊಂಟಾನದಲ್ಲಿ ತಮ್ಮದೇ ಉಕ್ಕಿನ ಕಾರ್ಖಾನೆ ಕಟ್ಟಿದರು, ಅದರ ಊದುಕುಲುಮೆ 1942ರ ಡಿಸೆಂಬರ್‌ನಲ್ಲಿ ಹೊತ್ತಿತು.

ದುಡಿದ ಜನರ ಬದುಕಿನ ಬಗ್ಗೆ ಪ್ರಚಾರ ಚಿತ್ರಗಳು ಅರ್ಧವನ್ನಷ್ಟೇ ಹೇಳುತ್ತವೆ. 1940ರಲ್ಲಿ ಇಪ್ಪತ್ತಮೂರು ಸಾವಿರದಷ್ಟು ಜನರಿದ್ದ ರಿಚ್ಮಂಡ್ ಕೆಲವೇ ವರ್ಷಗಳಲ್ಲಿ ಲಕ್ಷದ ಹತ್ತಿರ ಬಂದಿತು. ಮೂರು ಪಾಳಿಯ ಕೆಲಸಗಾರರು ಒಂದೇ ಹಾಸಿಗೆಯನ್ನು ಸರದಿಯಲ್ಲಿ ಬಾಡಿಗೆಗೆ ಹಿಡಿಯುತ್ತಿದ್ದರು. ಕೈಸರ್ ಕಟ್ಟೆಗಳಲ್ಲಿ ಒಂದು ಹಂತದಲ್ಲಿ ಸುಮಾರು ಕಾಲು ಭಾಗದಷ್ಟು ಮಹಿಳೆಯರಿದ್ದರು. ಪೋರ್ಟ್‌ಲೆಂಡ್‌ನಲ್ಲಿ ಅವರ ಮಕ್ಕಳಿಗಾಗಿ ಕಟ್ಟೆಯ ಬಾಗಿಲಲ್ಲೇ ಹಗಲೂ ರಾತ್ರಿ ನಡೆಯುವ ಶಿಶುಪಾಲನಾ ಕೇಂದ್ರಗಳು ತೆರೆದವು. ಡಾ. ಸಿಡ್ನಿ ಗಾರ್‌ಫೀಲ್ಡ್ ಅವರು ಕೆಲಸಗಾರರಿಗಾಗಿ ನಡೆಸಿದ, ಮುಂಗಡ ಚಂದಾ ಕಟ್ಟಿ ಚಿಕಿತ್ಸೆ ಪಡೆಯುವ ಯೋಜನೆಯೇ ಇಂದಿನ ಕೈಸರ್ ಪರ್ಮನೆಂಟೆ ಆರೋಗ್ಯ ಸಂಸ್ಥೆ. ಇತ್ತ ದಕ್ಷಿಣದ ರಾಜ್ಯಗಳಿಂದ ಬಂದ ಕಪ್ಪು ಕೆಲಸಗಾರರನ್ನು ಬಾಯ್ಲರ್‌ಮೇಕರ್‌ಗಳ ಸಂಘ ಪೂರ್ಣ ಸದಸ್ಯರನ್ನಾಗಿ ಸೇರಿಸಿಕೊಳ್ಳದೆ, ಚಂದಾ ಮಾತ್ರ ಪಡೆದು ಮತದ ಹಕ್ಕಿಲ್ಲದ ಉಪಘಟಕಗಳಿಗೆ ತಳ್ಳಿತು. ಸಾಸಲಿಟೊದ ಮ್ಯಾರಿನ್‌ಶಿಪ್ ಕಟ್ಟೆಯ ವೆಲ್ಡರ್ ಜೋಸೆಫ್ ಜೇಮ್ಸ್ ಮತ್ತು ಸಂಗಡಿಗರು ನ್ಯಾಯಾಲಯಕ್ಕೆ ಹೋದರು. ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1944ರ ಕೊನೆಯಲ್ಲಿ ಅವರ ಪರ ತೀರ್ಪು ಕೊಟ್ಟಿತು, ಅಷ್ಟು ಹೊತ್ತಿಗೆ ಕೆಲಸವೇ ಇಳಿಮುಖವಾಗುತ್ತಿತ್ತು.

ಅವಸರಕ್ಕೆ ತೆತ್ತ ಬೆಲೆ 1943ರ ಜನವರಿ 16ರ ರಾತ್ರಿ ಎಲ್ಲರಿಗೂ ಕಂಡಿತು. ಪೋರ್ಟ್‌ಲೆಂಡ್‌ನ ಸ್ವಾನ್ ಐಲೆಂಡ್‌ನಲ್ಲಿ ಪರೀಕ್ಷಾ ಯಾನ ಮುಗಿಸಿ, ಅಲೆಯಿಲ್ಲದ ನೀರಿನಲ್ಲಿ ಕಟ್ಟಿ ನಿಲ್ಲಿಸಿದ್ದ ಹೊಸ ತೈಲ ಹಡಗು ‘ಸ್ಕೆನೆಕ್ಟಡಿ’ ಭಾರಿ ಸದ್ದಿನೊಂದಿಗೆ ನಡು ಮುರಿದು, ಎರಡೂ ತುದಿಗಳು ನದಿಯ ತಳಕ್ಕೆ ಕುಸಿದವು. ಬಿರುಕು ಡೆಕ್ಕಿನಿಂದ ಶುರುವಾಗಿ ಎರಡೂ ಬದಿಗಳಲ್ಲಿ ಹೆಚ್ಚುಕಡಿಮೆ ಕೀಲಿನವರೆಗೆ ಹರಿದಿತ್ತು. ಆ ವರ್ಷದ ನವೆಂಬರ್‌ನಲ್ಲಿ ಅಲಾಸ್ಕದ ಕಡಲಿನಲ್ಲಿ ‘ಜಾನ್ ಪಿ. ಗೇನ್ಸ್’ ಎಂಬ ಲಿಬರ್ಟಿ ಎರಡಾಗಿ 10 ಜನ ಸತ್ತರು. ಹೊಸ ಕೆಲಸಗಾರರ ಕಳಪೆ ಬೆಸುಗೆಯೇ ಕಾರಣವೆಂದು ಸುಲಭವಾಗಿ ಹೇಳಲಾಯಿತು, ಕೆಲವೆಡೆ ಅದು ಸತ್ಯವೂ ಹೌದು. ಆದರೆ ಕೇಂಬ್ರಿಜ್‌ನ ಲೋಹವಿಜ್ಞಾನಿ ಕಾನ್‌ಸ್ಟೆನ್ಸ್ ಟಿಪ್ಪರ್ ಅವರ ಅಧ್ಯಯನ ತೋರಿಸಿಕೊಟ್ಟಂತೆ ಮೂಲ ದೋಷ ಉಕ್ಕಿನಲ್ಲೇ ಇತ್ತು: ಒಂದು ಉಷ್ಣತೆಗಿಂತ ಕೆಳಗೆ ಆ ಉಕ್ಕು ಬಾಗುವ ಗುಣ ಕಳೆದುಕೊಂಡು ಗಾಜಿನಂತೆ ಸಿಡಿಯುತ್ತಿತ್ತು. ಸರಕು ಇಳಿಸುವ ಹ್ಯಾಚ್‌ಗಳ ಮೂಲೆಗಳು ಚೌಕವಾಗಿದ್ದುದರಿಂದ ಒತ್ತಡವೆಲ್ಲ ಅಲ್ಲಿ ಕೂಡುತ್ತಿತ್ತು. ರಿವೆಟ್ ಹಡಗಿನಲ್ಲಾದರೆ ಬಿರುಕು ಒಂದು ತಗಡಿನ ಅಂಚಿಗೆ ಬಂದು ನಿಲ್ಲುತ್ತದೆ, ವೆಲ್ಡ್ ಮಾಡಿದ ಹಡಗು ಒಂದೇ ಅಖಂಡ ಲೋಹವಾದ್ದರಿಂದ ಬಿರುಕಿಗೆ ತಡೆಯೇ ಇರುವುದಿಲ್ಲ. ಹ್ಯಾಚ್ ಮೂಲೆಗಳನ್ನು ದುಂಡಗೆ ಮಾಡಿ, ಡೆಕ್ಕು ಮತ್ತು ಬದಿಗಳು ಕೂಡುವಲ್ಲಿ ರಿವೆಟ್ ಮಾಡಿದ ಪಟ್ಟಿಗಳನ್ನು ಬಿರುಕು ತಡೆಯಲೆಂದೇ ಹಾಕಿದ ಮೇಲೆ ಅವಘಡಗಳು ತಗ್ಗಿದವು. ಬಿರುಕುಗಳು ನೂರಾರು ಹಡಗುಗಳಲ್ಲಿ ಕಾಣಿಸಿಕೊಂಡಿದ್ದರೂ ಪೂರ್ತಿ ಎರಡಾದವು ಬೆರಳೆಣಿಕೆಯಷ್ಟು. ಲೋಹಗಳ ಮುರಿತವನ್ನು ಕುರಿತ ಇಂದಿನ ಎಂಜಿನಿಯರಿಂಗ್ ಶಾಸ್ತ್ರ ಬೆಳೆದದ್ದು ಬಹುಮಟ್ಟಿಗೆ ಈ ಹಡಗುಗಳ ತನಿಖೆಯಿಂದ.

ಇಷ್ಟರಿಂದ ಯುದ್ಧಕ್ಕೆ ಆದ ಲಾಭವೇನು? 1942ರಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಮುಳುಗಿಸಿದ ಹಡಗುಗಳ ಮೊತ್ತ 60 ಲಕ್ಷ ಗ್ರಾಸ್ ಟನ್ನನ್ನು ದಾಟಿತ್ತು. ಅದೇ ವರ್ಷ ಮ್ಯಾರಿಟೈಮ್ ಕಮಿಷನ್‌ನ ಕಟ್ಟೆಗಳಿಂದ ಸುಮಾರು 80 ಲಕ್ಷ ಡೆಡ್‌ವೇಟ್ ಟನ್ ಹೊರಬಂದಿತು, 1943ರಲ್ಲಿ ಅದು ಸುಮಾರು 1 ಕೋಟಿ 90 ಲಕ್ಷಕ್ಕೆ ಏರಿತು. ಈ ಅಂಕಿಗಳನ್ನು ಹೋಲಿಸುವಾಗ ಎಚ್ಚರ ಬೇಕು, ಏಕೆಂದರೆ ಗ್ರಾಸ್ ಟನ್ ಹಡಗಿನ ಒಳಜಾಗದ ಅಳತೆ, ಡೆಡ್‌ವೇಟ್ ಅದು ಹೊರಬಲ್ಲ ತೂಕ. ಒಂದೇ ಲಿಬರ್ಟಿ ಮೊದಲನೆಯ ಲೆಕ್ಕದಲ್ಲಿ 7,200ರ ಆಸುಪಾಸು, ಎರಡನೆಯದರಲ್ಲಿ 10,000ಕ್ಕೂ ಮೇಲೆ. ಹಾಗೆ ಸರಿದೂಗಿಸಿ ನೋಡಿದರೂ 1942ರ ಕೊನೆಯ ಹೊತ್ತಿಗೆ ಹೊಸ ಹಡಗುಗಳು ಮುಳುಗಿದವುಗಳನ್ನು ಮೀರತೊಡಗಿದ್ದವು, ಆಮೇಲೆ ಆ ಅಂತರ ಬೆಳೆಯುತ್ತಲೇ ಹೋಯಿತು. ಈ ಮೇಲುಗೈ ಸಿಕ್ಕ ಮೇಲೆಯೇ ಕಮಿಷನ್ ಮೊದಲು ಬಯಸಿದ್ದ ಟರ್ಬೈನ್ ಹಡಗುಗಳಿಗೆ ಮರಳಿತು. 15ರಿಂದ 17 ನಾಟ್ ವೇಗದ ‘ವಿಕ್ಟರಿ’ ಮಾದರಿಯ ಮೊದಲ ಹಡಗು 1944ರ ಜನವರಿಯಲ್ಲಿ ಪೋರ್ಟ್‌ಲೆಂಡ್‌ನಲ್ಲಿ ನೀರಿಗಿಳಿಯಿತು.

ಉಕ್ಕು, ಯಂತ್ರ, ಹಣ ಮೂರೂ ಕೈಗೆಟುಕುವ ದೇಶದಲ್ಲಿ ಇದೆಲ್ಲ ನಡೆಯಿತೆಂಬುದನ್ನು ಮರೆಯಬಾರದು. ಅದೇ 1941ರ ಜೂನ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರ ಸಿಂಧಿಯಾ ಕಂಪನಿ ವಿಶಾಖಪಟ್ಟಣದಲ್ಲಿ ಹಡಗುಕಟ್ಟೆಗೆ ಅಡಿಗಲ್ಲು ಹಾಕಿಸಿತು. ಅದಕ್ಕೆ ಕೆಲವು ತಿಂಗಳು ಮೊದಲು ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ವಿಮಾನ ಕಾರ್ಖಾನೆ ಆರಂಭಿಸಿದವರೂ ಅವರೇ. ಯುದ್ಧವಿಡೀ ವಿಶಾಖಪಟ್ಟಣದಿಂದ ಒಂದು ಹಡಗೂ ಹೊರಬರಲಿಲ್ಲ. ಅಲ್ಲಿ ಕಟ್ಟಿದ ‘ಜಲ ಉಷಾ’ವನ್ನು ನೆಹರೂ ನೀರಿಗಿಳಿಸಿದ್ದು 1948ರ ಮಾರ್ಚ್‌ನಲ್ಲಿ.

ಅಮೆರಿಕದ ಆ ಉದ್ಯಮ ಎಲ್ಲಿ ಹೋಯಿತೆಂಬುದಕ್ಕೆ ಉತ್ತರ ಅದು ಹುಟ್ಟಿದ ಬಗೆಯಲ್ಲೇ ಇದೆ. ತುರ್ತು ಕಟ್ಟೆಗಳು ಸರಕಾರದ ಹಣದಲ್ಲಿ, ಒಂದೇ ಗಿರಾಕಿಗಾಗಿ, ಬೆಲೆಯ ಪೈಪೋಟಿಯಿಲ್ಲದೆ ಎದ್ದಿದ್ದವು. 1945ರಲ್ಲಿ ಆ ಗಿರಾಕಿ ಹೊರಟುಹೋದ ಮೇಲೆ ಹೆಚ್ಚಿನವು ಮುಚ್ಚಿದವು. 1946ರ ಹಡಗು ಮಾರಾಟ ಕಾಯ್ದೆಯಡಿ ನೂರಾರು ಲಿಬರ್ಟಿಗಳು ಅಗ್ಗದ ಬೆಲೆಗೆ ಹೊರದೇಶಗಳ ಪಾಲಾದವು. ಗ್ರೀಸ್‌ನ ಹಡಗು ಮಾಲೀಕರ ಯುದ್ಧೋತ್ತರ ಸಿರಿವಂತಿಕೆಗೆ ಅವರು ಕೊಂಡ ನೂರು ಲಿಬರ್ಟಿಗಳೇ ಬುನಾದಿ. ಮಾರುಕಟ್ಟೆಯ ತುಂಬ ಅಗ್ಗದ ಹಡಗುಗಳು ಇರುವಾಗ ದುಬಾರಿ ಕೂಲಿಯ ಅಮೆರಿಕದಲ್ಲಿ ಹೊಸ ಹಡಗು ಕಟ್ಟಿಸುವವರು ಯಾರು? ದೇಶದೊಳಗಿನ ಬಂದರುಗಳ ನಡುವಿನ ಸಾಗಣೆಗೆ ಅಮೆರಿಕದಲ್ಲೇ ಕಟ್ಟಿದ ಹಡಗು ಬೇಕೆಂಬ 1920ರ ಜೋನ್ಸ್ ಕಾಯ್ದೆ, ನೌಕಾಪಡೆಯ ಬೇಡಿಕೆ ಮತ್ತು ಸರಕಾರದ ಸಹಾಯಧನ ಕೆಲವು ಕಟ್ಟೆಗಳನ್ನು ಉಳಿಸಿದವು. ಎಂಬತ್ತರ ದಶಕದ ಆರಂಭದಲ್ಲಿ ಸಹಾಯಧನವೂ ನಿಂತಿತು.

ವಿದ್ಯೆ ಮಾತ್ರ ಬೇರೆ ಕಡೆ ನೆಲೆಯಾಯಿತು. ಅಮೆರಿಕದ ಹಡಗು ಉದ್ಯಮಿ ಡೇನಿಯಲ್ ಲಡ್ವಿಗ್ 1951ರಲ್ಲಿ ಜಪಾನಿನ ಕುರೆಯಲ್ಲಿದ್ದ ಹಳೆಯ ನೌಕಾಪಡೆಯ ಕಟ್ಟೆಯನ್ನು ಭೋಗ್ಯಕ್ಕೆ ಪಡೆದರು. ಅದರ ಮೇಲ್ವಿಚಾರಣೆಗೆ ಕಳಿಸಿದ್ದು ಕೈಸರ್ ಅವರ ಸ್ವಾನ್ ಐಲೆಂಡ್ ಕಟ್ಟೆಯಲ್ಲಿ ಕೆಲಸ ಮಾಡಿದ್ದ ಎಲ್ಮರ್ ಹಾನ್ ಅವರನ್ನು. ತುಂಡುಗಳನ್ನು ಅಂಗಳದಲ್ಲಿ ವೆಲ್ಡ್ ಮಾಡಿ ಕೂಡಿಸುವ ಕ್ರಮವನ್ನು ಅಲ್ಲಿ ಕಲಿತ ಜಪಾನಿ ಎಂಜಿನಿಯರುಗಳಲ್ಲಿ ಹಿಸಾಶಿ ಶಿಂಟೊ ಒಬ್ಬರು, ಮುಂದೆ ಅವರು ಜಪಾನಿನ ಹಡಗು ನಿರ್ಮಾಣದ ಮುಂಚೂಣಿಗೆ ಬಂದರು. ಐವತ್ತರ ದಶಕ ಮುಗಿಯುವ ಮೊದಲೇ ಜಪಾನ್ ಬ್ರಿಟನ್ನನ್ನು ಹಿಂದೆ ಹಾಕಿ ಜಗತ್ತಿನಲ್ಲೇ ಅತಿ ಹೆಚ್ಚು ಹಡಗು ಕಟ್ಟುವ ದೇಶವಾಯಿತು. ಆ ಸ್ಥಾನ ಆಮೇಲೆ ದಕ್ಷಿಣ ಕೊರಿಯಾಕ್ಕೆ, ಅಲ್ಲಿಂದ ಚೀನಾಕ್ಕೆ ಹೋಗಿದೆ. ಜಗತ್ತಿನ ವಾಣಿಜ್ಯ ಹಡಗು ನಿರ್ಮಾಣದಲ್ಲಿ ಈಗ ಅಮೆರಿಕದ ಪಾಲು ಶೇಕಡಾ 1ಕ್ಕಿಂತ ಕಡಿಮೆ.